ಸಿ ಭಾಷೆಯಲ್ಲಿ ತಿದ್ದಬಾರದ ಬರಹ: ‘ಕಾನ್‌ಸ್ಟ್’ ವಿಶೇಷಣದ ಇತಿಹಾಸ ಮತ್ತು ಕಂಪೈಲರಿನ ಎಚ್ಚರಿಕೆಗಳು

ಮದ್ದೂರು ತಾಲ್ಲೂಕಿನ ಆತಕೂರು ಶಾಸನವನ್ನು ಕನ್ನಡ ನಾಡಿನ ಚರಿತ್ರೆಯನ್ನು ಅಭ್ಯಸಿಸಿದವರೆಲ್ಲರೂ ಬಲ್ಲರು. ಶಕವರ್ಷ 872ರ, ಎಂದರೆ ಕ್ರಿ.ಶ. 949-50ರ ಈ ಶಿಲಾಲೇಖವು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧದ ವಿಷಯವಾಗಿ ಮುಖ್ಯವಾದ ಆಧಾರಗಳಲ್ಲೊಂದು. ಆದರೆ ಜನರ ನೆನಪಿನಲ್ಲಿ ಅದು ಉಳಿದಿರುವುದು ರಾಜರ ಕಾರಣದಿಂದಲ್ಲ, ಕಾಳಿಯೆಂಬ ನಾಯಿಯ ಕಾರಣದಿಂದ. ಗಂಗ ಇಮ್ಮಡಿ ಬೂತುಗನ ಪರಿವಾರದ ಮಣಲೆರನು ತನ್ನ ಪರಾಕ್ರಮಕ್ಕೆ ಪ್ರತಿಫಲವಾಗಿ ಒಡೆಯನಿಂದ ಈ ನಾಯಿಯನ್ನು ಬೇಡಿ ಪಡೆದನು. ಮುಂದೆ ಅದು ಹಂದಿಯೊಂದರ ಮೇಲೆ ಬಿದ್ದು ಹೋರಾಡಲು ಎರಡೂ ಸತ್ತುವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಡಲಾಯಿತು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಗಲುವುದೆಂದು ಶಾಸನವು ವಿಧಿಸುತ್ತದೆ.

ಶಾಸನಗಳ ಶಾಪವಾಕ್ಯಗಳನ್ನು ನಾವು ಸಾಮಾನ್ಯವಾಗಿ ಓದದೆ ದಾಟಿಬಿಡುತ್ತೇವೆ. ಆದರೆ ಇಲ್ಲಿ ಗಮನಿಸಬೇಕಾದುದೊಂದುಂಟು. ಈ ಎಚ್ಚರಿಕೆಯು ಕಲ್ಲನ್ನು ಗಟ್ಟಿ ಮಾಡುವುದಿಲ್ಲ. ಕೈಯೆತ್ತಿದವನ ಕೈಯನ್ನು ಹಿಡಿಯುವುದೂ ಇಲ್ಲ. ಅದು ಕಟ್ಟುಹಾಕುವುದು ಆ ಭೂಮಿಯ ಮೂಲಕ ಕಲ್ಲಿನ ಬಳಿಗೆ ಬರುವ ಮನುಷ್ಯನಿಗೆ ಮಾತ್ರ. ವಸ್ತುವನ್ನೇ ಬದಲಾಗದಂತೆ ಮಾಡುವುದು ಬೇರೆ, ವಸ್ತುವನ್ನು ಸಮೀಪಿಸುವವನಿಂದ ಮಾತು ತೆಗೆದುಕೊಳ್ಳುವುದು ಬೇರೆ. ನಮ್ಮ ಕಾಲೇಜುಗಳಲ್ಲಿ ಕಲಿಸಲ್ಪಡುವ ‘ಸಿ’ ಎಂಬ ಗಣಕಭಾಷೆಯಲ್ಲಿ ‘ಕಾನ್‌ಸ್ಟ್’ ಎಂಬ ವಿಶೇಷಣದ ಇತಿಹಾಸವು ಈ ಎರಡರ ನಡುವಣ ಗೊಂದಲದ ಇತಿಹಾಸವೇ ಆಗಿದೆಯೆಂಬುದು ನಮ್ಮ ಅಭಿಪ್ರಾಯ. ಅದನ್ನು ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಹಳೆಯ ಉದಾಹರಣೆ. ಫೋರ್ಟ್ರಾನ್ ಭಾಷೆಯ ಕೆಲವು ಪ್ರಾಚೀನ ಕಂಪೈಲರುಗಳಲ್ಲಿ 4 ಎಂಬ ಅಂಕಿಯನ್ನು ಉಪಕ್ರಮವೊಂದಕ್ಕೆ ಒಪ್ಪಿಸಿದರೆ, ಆ ಉಪಕ್ರಮವು ತನಗೆ ಬಂದ ಬೆಲೆಯನ್ನು ಒಂದರಿಂದ ಹೆಚ್ಚಿಸಿದ ಪಕ್ಷದಲ್ಲಿ, ಅಲ್ಲಿಂದ ಮುಂದೆ ಪ್ರೋಗ್ರಾಮಿನಲ್ಲಿ 4 ಎಂದು ಬರೆದ ಕಡೆಗಳಲ್ಲೆಲ್ಲ ಯಂತ್ರವು 5 ಎಂದು ಓದುತ್ತಿದ್ದಿತು. ಅಂಕಿಯು ಸ್ಮೃತಿಕೋಶದ ಒಂದು ಸ್ಥಳದಲ್ಲಿ ಇರಿಸಲ್ಪಟ್ಟಿದ್ದು, ಉಪಕ್ರಮಕ್ಕೆ ದೊರೆಯುತ್ತಿದ್ದುದು ಆ ಸ್ಥಳದ ವಿಳಾಸವಾದುದೇ ಇದಕ್ಕೆ ಕಾರಣ. ನಾಲ್ಕು ನಾಲ್ಕಾಗಿಯೇ ಇರಬೇಕೆಂದು ಯಾರೂ ಬರೆದು ತಿಳಿಸಿರಲಿಲ್ಲ. ತಿಳಿಸಬೇಕಾದೀತೆಂದು ಯಾರಿಗೂ ತೋಚಿರಲೂ ಇಲ್ಲ.

ಸಿ ಭಾಷೆಯು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿಯಿಂದ 1969 ಮತ್ತು 1973ರ ನಡುವೆ ರೂಪುಗೊಂಡಿತು. ಇದರ ಪೂರ್ವಜರಾದ ಬಿ.ಸಿ.ಪಿ.ಎಲ್. ಮತ್ತು ಬಿ ಭಾಷೆಗಳಲ್ಲಿ ಜಾತಿಭೇದವೇ ಇರಲಿಲ್ಲ. ಸಂಖ್ಯೆ, ಅಕ್ಷರ, ವಿಳಾಸ ಎಲ್ಲವೂ ಒಂದೇ ಬಗೆಯ ಕೋಶಗಳು. ಸಿ ಭಾಷೆಯಲ್ಲಿ ಜಾತಿಗಳೇನೋ ಬಂದುವು, ಆದರೆ ಮನೆಯ ಹಳೆಯ ರೂಢಿ ಅಷ್ಟು ಬೇಗ ಹೋಗಲಿಲ್ಲ. ಬ್ರಿಯಾನ್ ಕರ್ನಿಘನ್ ಮತ್ತು ರಿಚಿ 1978ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ಕಾನ್‌ಸ್ಟ್ ಎಂಬ ಪದವಿಲ್ಲ. ಉದ್ಧರಣಚಿಹ್ನೆಗಳ ನಡುವೆ ಬರೆದ ಅಕ್ಷರಸಾಲನ್ನು ಈ ಭಾಷೆಯಲ್ಲಿ ಸ್ಟ್ರಿಂಗ್ ಲಿಟರಲ್ ಎನ್ನುತ್ತಾರೆ. ಅಂಥ ಎರಡು ಸಾಲುಗಳು ಅಕ್ಷರಶಃ ಒಂದೇ ಆಗಿದ್ದರೂ ಸ್ಮೃತಿಯಲ್ಲಿ ಬೇರೆಬೇರೆಯಾಗಿಯೇ ಇರತಕ್ಕದ್ದೆಂದು ಆ ಗ್ರಂಥವು ವಿಧಿಸಿದ್ದಿತು. ಈ ವಿಧಿಯ ಅರ್ಥ ಸ್ಪಷ್ಟ: ಆ ಕಾಲದ ಬರಹಗಾರನು ಅಂಥ ಸಾಲನ್ನು ತಿದ್ದಬಹುದಾಗಿತ್ತು, ಒಂದನ್ನು ತಿದ್ದಿದರೆ ಇನ್ನೊಂದು ಕೆಡಬಾರದು.

ಎಚ್ಚರಿಕೆಗಳ ವಿಚಾರವೂ ಈ ಕಾಲಕ್ಕೇ ಸೇರಿದುದು. ಅಂದಿನ ಯಂತ್ರಗಳು ಸಣ್ಣವು. ಕಂಪೈಲರು ಶೀಘ್ರವಾಗಿ ಅನುವಾದಿಸಿ ಮುಗಿಸಬೇಕಾಗಿತ್ತು. ಆದುದರಿಂದ ತಪ್ಪು ಹುಡುಕುವ ಕೆಲಸವನ್ನು ಬೇರೊಂದು ಪ್ರೋಗ್ರಾಮಿಗೆ ವಹಿಸಲಾಯಿತು. ಅದೇ ಬೆಲ್ ಪ್ರಯೋಗಶಾಲೆಯ ಸ್ಟೀಫನ್ ಜಾನ್ಸನ್ ರಚಿಸಿದ ‘ಲಿಂಟ್’. ಬಟ್ಟೆಗೆ ಅಂಟಿಕೊಂಡ ನೂಲಿನ ತುಣುಕುಗಳಿಗೆ ಇಂಗ್ಲಿಷಿನಲ್ಲಿ ಆ ಹೆಸರು. 1979ರ ಏಳನೆಯ ಆವೃತ್ತಿಯ ಯೂನಿಕ್ಸಿನೊಡನೆ ಇದು ಹೊರಗಿನವರಿಗೂ ದೊರೆಯಿತು. ಈ ಏರ್ಪಾಡು ಉಪಯುಕ್ತವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಒಂದು ಪರಿಣಾಮವನ್ನು ಇಂದಿಗೂ ಅನುಭವಿಸುತ್ತಿದ್ದೇವೆ. ಅನುವಾದ ಮಾಡುವವನು ಒಬ್ಬ, ಎಚ್ಚರಿಸುವವನು ಮತ್ತೊಬ್ಬ ಎಂದಾದಮೇಲೆ, ಎಚ್ಚರಿಸುವವನನ್ನು ಕರೆಯದೆಯೇ ಕೆಲಸ ಸಾಗಿಸಬಹುದೆಂಬ ಅಭ್ಯಾಸವು ಬಲಿಯಿತು.

ತಿದ್ದಬಾರದೆಂಬ ಮಾತನ್ನು ಭಾಷೆಯ ಒಳಗೇ ಬರೆಯುವ ಯೋಚನೆ ಬಂದುದು ಇನ್ನೊಂದು ಕಡೆಯಿಂದ. ಅದೇ ಪ್ರಯೋಗಶಾಲೆಯಲ್ಲಿದ್ದ ಡೇನಿಷ್ ವಿದ್ವಾಂಸ ಬ್ಯಾರ್ನೆ ಸ್ಟ್ರೌಸ್ಟ್ರುಪ್ 1979ರಿಂದ ಸಿ ಭಾಷೆಯನ್ನು ವಿಸ್ತರಿಸುತ್ತಿದ್ದರು. ಅದೇ ಮುಂದೆ ಸಿ ಪ್ಲಸ್ ಪ್ಲಸ್ ಆಯಿತು. ಕಾರ್ಯವ್ಯವಸ್ಥೆಗಳಲ್ಲಿ ಸ್ಮೃತಿಯ ಒಂದೊಂದು ಭಾಗಕ್ಕೂ ಓದಲು ಅನುಮತಿಯುಂಟೆ, ಬರೆಯಲು ಅನುಮತಿಯುಂಟೆ ಎಂದು ಎರಡು ಬಿಟ್ಟುಗಳಲ್ಲಿ ಗುರುತಿಸುವ ಪದ್ಧತಿ ಇದ್ದಿತು. ಅದನ್ನೇ ಭಾಷೆಯ ಜಾತಿಗಳಿಗೂ ಅನ್ವಯಿಸಬಹುದೆಂದು ಅವರಿಗೆ ತೋರಿತು. 1981ರ ಜನವರಿಯ ಒಂದು ಆಂತರಿಕ ಟಿಪ್ಪಣಿಯಲ್ಲಿ ‘ರೀಡ್‌ಓನ್ಲಿ’, ‘ರೈಟ್‌ಓನ್ಲಿ’ ಎಂಬೆರಡು ವಿಶೇಷಣಗಳನ್ನು ಸೂಚಿಸಿದರು. ಮೊದಲನೆಯದು ‘ಕಾನ್‌ಸ್ಟ್’ ಎಂಬ ಹೆಸರಿನಿಂದ ಉಳಿಯಿತು, ಎರಡನೆಯದು ಉಳಿಯಲಿಲ್ಲ. ನಮ್ಮ ದೃಷ್ಟಿಯಲ್ಲಿ ಈ ಹೆಸರು ಬದಲಾದುದು ಅನರ್ಥಕ್ಕೆ ಕಾರಣವಾಯಿತು. ‘ಓದಲು ಮಾತ್ರ’ ಎಂಬುದು ಓದುವವನಿಗೆ ಸಂಬಂಧಿಸಿದ ಮಾತು. ‘ಸ್ಥಿರ’ ಎಂಬುದು ವಸ್ತುವಿಗೆ ಸಂಬಂಧಿಸಿದ ಮಾತು. ಸಿ ಭಾಷೆಯ ಕಾನ್‌ಸ್ಟ್ ಪಾಯಿಂಟರಿನೊಡನೆ ಬಂದಾಗ ಹೇಳುವುದು ಮೊದಲನೆಯದನ್ನು, ಅದರ ಹೆಸರು ಸೂಚಿಸುವುದು ಎರಡನೆಯದನ್ನು.

ಇದನ್ನು ಸ್ವಲ್ಪ ವಿಸ್ತರಿಸಬೇಕು. ಪಾಯಿಂಟರೆಂದರೆ ವಿಳಾಸವನ್ನು ಹಿಡಿದಿರುವ ಚಲಪದ. ‘ಕಾನ್‌ಸ್ಟ್ ಅಕ್ಷರಕ್ಕೆ ಪಾಯಿಂಟರು’ ಎಂದು ಘೋಷಿಸಿದರೆ, ಈ ಪಾಯಿಂಟರಿನ ಮೂಲಕ ನಾನು ಬರೆಯುವುದಿಲ್ಲವೆಂದು ಮಾತು ಕೊಟ್ಟಂತಾಯಿತು. ಅದೇ ಸ್ಥಳಕ್ಕೆ ಇನ್ನೊಂದು ಸಾಧಾರಣ ಪಾಯಿಂಟರಿದ್ದರೆ ಅದರ ಮೂಲಕ ಬರೆಯಲು ಅಡ್ಡಿಯಿಲ್ಲ. ಮಾತು ಕೊಟ್ಟವನ ಕಣ್ಣೆದುರಿಗೇ ಬೆಲೆ ಬದಲಾಗಬಹುದು. ಗೊರವನು ಪೂಜೆ ತಪ್ಪಿಸಬಾರದು, ಆದರೆ ಬೇರೆ ದಾರಿಯಿಂದ ಬಂದವನು ಕಲ್ಲಿಗೆ ಏನು ಮಾಡುವನೆಂಬ ವಿಷಯದಲ್ಲಿ ಗೊರವನ ವ್ರತಕ್ಕೆ ಯಾವ ಅಧಿಕಾರವೂ ಇಲ್ಲ. ವಸ್ತುವನ್ನೇ ಹುಟ್ಟುವಾಗ ಕಾನ್‌ಸ್ಟ್ ಎಂದು ಘೋಷಿಸಿದ್ದರೆ ಮಾತು ಬೇರೆ. ಆಗ ಯಾವ ಮಾರ್ಗದಿಂದ ಬರೆದರೂ ಅದರ ಫಲವು ಅನಿರ್ದಿಷ್ಟವೆಂದು ಪ್ರಮಾಣಗ್ರಂಥವು ಹೇಳುತ್ತದೆ. ಹೀಗೆ ಒಂದೇ ಪದವು ಒಂದು ಕಡೆ ವ್ರತ, ಇನ್ನೊಂದು ಕಡೆ ಲಕ್ಷಣ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಇಲ್ಲಿ ಎಡವಿದರೆ ದೋಷ ಪೂರ್ತಿಯಾಗಿ ಅವರದಲ್ಲ.

ಸಿ ಭಾಷೆಗೆ ಪ್ರಮಾಣವನ್ನು ಸಿದ್ಧಪಡಿಸಲು ಅಮೆರಿಕದಲ್ಲಿ 1983ರಲ್ಲಿ ಸಮಿತಿಯೊಂದು ನೇಮಕವಾಯಿತು. 1989ರಲ್ಲಿ ಪ್ರಮಾಣವು ಅಂಗೀಕೃತವಾಗಿ, ಮರುವರ್ಷ ಅಂತರರಾಷ್ಟ್ರೀಯ ಪ್ರಮಾಣವೂ ಆಯಿತು. ಕಾನ್‌ಸ್ಟ್ ಇದರಲ್ಲಿ ಸ್ಥಾನ ಪಡೆಯಿತು. ಆಗ ಸಮಿತಿಯ ಮುಂದೆ ನಿಂತ ಪ್ರಶ್ನೆಯೇ ಈ ಇತಿಹಾಸದ ತಿರುಳು. ಸ್ಟ್ರಿಂಗ್ ಲಿಟರಲನ್ನು ತಿದ್ದಬಹುದೆ, ಬಾರದೆ? ತಿದ್ದಬಾರದೆಂದರೆ ಅದನ್ನು ಓದಲು ಮಾತ್ರವಿರುವ ಸ್ಮೃತಿಯಲ್ಲಿ ಇರಿಸಬಹುದು, ಒಂದೇ ರೀತಿಯ ಎರಡು ಸಾಲುಗಳಿಗೆ ಒಂದೇ ಪ್ರತಿ ಸಾಕಾಗಬಹುದು. ಆದುದರಿಂದ ತಿದ್ದಬಾರದೆಂದೇ ನಿರ್ಣಯವಾಯಿತು. ಹಾಗಾದರೆ ಅದರ ಜಾತಿ ‘ಕಾನ್‌ಸ್ಟ್ ಅಕ್ಷರಗಳ ಸಾಲು’ ಎಂದಾಗಬೇಕಲ್ಲವೆ? ಆಗಲಿಲ್ಲ. ಕಾನ್‌ಸ್ಟ್ ಅಕ್ಷರದ ವಿಳಾಸವನ್ನು ಸಾಧಾರಣ ಅಕ್ಷರಪಾಯಿಂಟರಿಗೆ ಕೊಡುವುದು ಹೊಸ ನಿಯಮದಂತೆ ನಿಷಿದ್ಧ. ಅಷ್ಟರಲ್ಲಿ ಹುಟ್ಟಿದ್ದ ಅಸಂಖ್ಯ ಪ್ರೋಗ್ರಾಮುಗಳು ಸ್ಟ್ರಿಂಗುಗಳನ್ನು ಸಾಧಾರಣ ಪಾಯಿಂಟರುಗಳಲ್ಲಿಯೇ ಹಿಡಿದಿದ್ದುವು. ಅವನ್ನೆಲ್ಲ ಒಂದು ದಿನದಲ್ಲಿ ಅಪರಾಧಿಗಳನ್ನಾಗಿ ಮಾಡಲು ಸಮಿತಿಗೆ ಮನಸ್ಸಾಗಲಿಲ್ಲ. ಆದಕಾರಣ ಸ್ಟ್ರಿಂಗ್ ಲಿಟರಲ್ ತಿದ್ದಬಾರದ ವಸ್ತುವಾಯಿತು, ಆದರೆ ತಿದ್ದಬಾರದೆಂದು ಅದರ ಮೈಮೇಲೆ ಎಲ್ಲಿಯೂ ಬರೆಯಲ್ಪಡಲಿಲ್ಲ. ಶಾಪವಾಕ್ಯವನ್ನು ಕಲ್ಲಿನಲ್ಲಿ ಕೆತ್ತದೆ ಬೇರೊಂದು ಓಲೆಯಲ್ಲಿ ಬರೆದಿಟ್ಟಂತಾಯಿತು.

ಈ ರಾಜಿಯ ಫಲವನ್ನು ನಮ್ಮ ಜಿಲ್ಲೆಯ ಮೂರು ತಾಲ್ಲೂಕುಗಳ ಹೆಸರುಗಳಿಂದಲೇ ತೋರಿಸಬಹುದು. ‘ಮಂಡ್ಯ,ಮದ್ದೂರು,ಮಳವಳ್ಳಿ’ ಎಂದು ನಡುವೆ ಅಲ್ಪವಿರಾಮಗಳನ್ನಿಟ್ಟು ಒಂದೇ ಲಿಟರಲ್ಲಾಗಿ ಬರೆದು, ಸಾಧಾರಣ ಅಕ್ಷರಪಾಯಿಂಟರಿನಲ್ಲಿ ಹಿಡಿದೆವೆಂದು ಇಟ್ಟುಕೊಳ್ಳೋಣ. (ಶಿಕಾರಿಪುರ ತಾಲ್ಲೂಕಿನಲ್ಲಿ ಪ್ರಾಚೀನ ಸ್ತಂಭಶಾಸನವಿರುವ ಮಳವಳ್ಳಿ ಬೇರೆ. ಹೆಸರು ಒಂದೇ ಆದುದರಿಂದ ವಸ್ತುವೂ ಒಂದೇ ಎಂದು ತಿಳಿಯಬಾರದೆಂಬುದು ಶಾಸನಜ್ಞರಿಗೂ ಪ್ರೋಗ್ರಾಮು ಬರೆಯುವವರಿಗೂ ಸಮಾನವಾದ ಪಾಠ.) ಇದನ್ನು ಬಿಡಿಬಿಡಿ ಹೆಸರುಗಳಾಗಿ ಒಡೆಯಲು ಪ್ರಮಾಣ ಭಂಡಾರದಲ್ಲಿ ‘ಸ್ಟ್ರ್‌ಟಾಕ್’ ಎಂಬ ಉಪಕ್ರಮವಿದೆ. ಅದು ಒಡೆಯುವ ರೀತಿ ವಿಚಿತ್ರವಾದುದು: ಅಲ್ಪವಿರಾಮವಿದ್ದ ಸ್ಥಳದಲ್ಲಿ ಸೊನ್ನೆಯನ್ನು ಬರೆದುಬಿಡುತ್ತದೆ. ಸಿ ಭಾಷೆಯಲ್ಲಿ ಸೊನ್ನೆಯೇ ಸಾಲಿನ ಅಂತ್ಯದ ಗುರುತು. ಎಂದರೆ ಸ್ಟ್ರ್‌ಟಾಕ್ ಓದುವ ಉಪಕ್ರಮದಂತೆ ಕಂಡರೂ ವಾಸ್ತವವಾಗಿ ಬರೆಯುವ ಉಪಕ್ರಮ.

ಡಾಸ್ ಕಾರ್ಯವ್ಯವಸ್ಥೆಯ ಕಾಲದಲ್ಲಿ, 1987ರಲ್ಲಿ ಹೊರಬಂದ ಟರ್ಬೊ ಸಿ ಮೊದಲಾದ ಕಂಪೈಲರುಗಳಲ್ಲಿ ಇಂಥ ಪ್ರೋಗ್ರಾಮು ಯಾವ ತಡೆಯೂ ಇಲ್ಲದೆ ನಡೆಯುತ್ತಿದ್ದಿತು. ಡಾಸಿನಲ್ಲಿ ಸ್ಮೃತಿಯ ರಕ್ಷಣೆಯೆಂಬುದೇ ಇರಲಿಲ್ಲ. ಅಂದು ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿಯೇ ಬರೆಯಬೇಕಾಗುತ್ತಿತ್ತಾದರೂ ವರ್ತನೆ ಇದೇ. ಮೊದಲನೆಯ ಸಲ ಮೂರು ಹೆಸರುಗಳೂ ಸರಿಯಾಗಿ ಬರುವುವು. ಅದೇ ಸಾಲನ್ನು ಎರಡನೆಯ ಸಲ ಒಡೆಯಹೊರಟರೆ ಮಂಡ್ಯವೊಂದೇ ಉಳಿದಿರುವುದು. ಮದ್ದೂರೂ ಮಳವಳ್ಳಿಯೂ ಸೊನ್ನೆಯ ಆಚೆಗೆ ಸೇರಿ ಕಾಣದಾಗಿರುವುವು. ಅವು ಸ್ಮೃತಿಯಲ್ಲಿಯೇ ಇವೆ, ಆದರೆ ಪಟ್ಟಿಯಲ್ಲಿಲ್ಲ. ವಿದ್ಯಾರ್ಥಿಯು ತನ್ನ ಪುನರಾವರ್ತನೆಯ ಸೂತ್ರದಲ್ಲಿ ತಪ್ಪನ್ನು ಹುಡುಕುತ್ತ ಕಾಲ ಕಳೆಯುವನು, ತಪ್ಪು ಅಲ್ಲಿಲ್ಲ. ಇಂದಿನ ಲಿನಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿ ಲಿಟರಲುಗಳು ಓದಲು ಮಾತ್ರವಿರುವ ಪುಟದಲ್ಲಿರುವುದರಿಂದ ಅದೇ ಪ್ರೋಗ್ರಾಮು ಮೊದಲನೆಯ ಅಲ್ಪವಿರಾಮದಲ್ಲಿಯೇ ಕುಸಿದುಬೀಳುತ್ತದೆ. ನಮ್ಮ ಕಾಲೇಜುಗಳಲ್ಲಿ ಹಳೆಯ ಕಂಪೈಲರುಗಳು ತಮ್ಮ ಆಯುಸ್ಸು ಮುಗಿದ ಮೇಲೆಯೂ ಬಹುಕಾಲ ಬಳಕೆಯಲ್ಲಿದ್ದುವು. ಅವುಗಳ ಮೇಲೆ ‘ಸರಿಯಾಗಿ ನಡೆಯಿತು’ ಎಂದು ದಾಖಲೆ ಪುಸ್ತಕದಲ್ಲಿ ಬರೆದುಕೊಂಡ ಪ್ರೋಗ್ರಾಮು ಹೊಸ ಯಂತ್ರದಲ್ಲಿ ಬಿದ್ದಾಗ, ಯಂತ್ರ ಕೆಟ್ಟಿದೆಯೆಂದು ಹೇಳುವವರೂ ಉಂಟು. ಆದರೆ ಮೂರು ತಾಲ್ಲೂಕುಗಳ ಪಟ್ಟಿ ಸದ್ದಿಲ್ಲದೆ ಒಂದಾಗುವುದಕ್ಕಿಂತ ಪ್ರೋಗ್ರಾಮು ಗದ್ದಲ ಮಾಡಿ ಬೀಳುವುದೇ ಮೇಲು.

ಈ ಬದಲಾವಣೆಯನ್ನು ಜಿ.ಸಿ.ಸಿ. ಕಂಪೈಲರಿನ ಕೈಪಿಡಿ ಮುಚ್ಚುಮರೆಯಿಲ್ಲದೆ ದಾಖಲಿಸಿದೆ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಪ್ರಕಟಪಡಿಸಿದ ಈ ಕಂಪೈಲರು ಸ್ಟ್ರಿಂಗ್ ಲಿಟರಲುಗಳನ್ನು ಓದಲು ಮಾತ್ರವಿರುವ ಸ್ಥಳದಲ್ಲಿ ಇರಿಸುತ್ತಿದ್ದುದರಿಂದ, ತನಗೆ ಕೊಟ್ಟ ಸಾಲನ್ನೇ ತಿದ್ದುವ ‘ಎಂಕೆಟೆಂಪ್’ ಎಂಬ ಉಪಕ್ರಮಕ್ಕೆ ಲಿಟರಲನ್ನು ಕೊಡಲಾಗದೆ ಹೋಯಿತು. ಇನ್ನೂ ವಿನೋದದ ಸಂಗತಿಯೆಂದರೆ, ಕೆಲವು ಬಹು ಹಳೆಯ ವ್ಯವಸ್ಥೆಗಳಲ್ಲಿ ಕೇವಲ ಓದಿ ವಿಂಗಡಿಸಬೇಕಾದ ‘ಎಸ್‌ಸ್ಕ್ಯಾನ್‌ಎಫ್’ ಎಂಬ ಉಪಕ್ರಮವೂ ಗುಟ್ಟಾಗಿ ಲಿಟರಲಿನ ಮೇಲೆ ಬರೆಯಲೆತ್ನಿಸುತ್ತಿದ್ದಿತು. ಹಳೆಯ ಪ್ರೋಗ್ರಾಮುಗಳನ್ನು ಉಳಿಸಿಕೊಳ್ಳಲೆಂದು ಲಿಟರಲುಗಳನ್ನು ಬರೆಯಲು ಬರುವಂತೆ ಮಾಡುವ ಐಚ್ಛಿಕ ಸೌಕರ್ಯವೊಂದನ್ನು ಇಡಲಾಗಿತ್ತು. 2005ರ ನಾಲ್ಕನೆಯ ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕಲಾಯಿತು.

ಸಮಿತಿಯ ಕಾಲಕ್ಕೆ ಮರಳೋಣ. ಭಾಷೆಯ ಕರ್ತೃವಾದ ರಿಚಿ ಈ ವಿಶೇಷಣಗಳನ್ನು ಹೇಗೆ ಕಂಡರು? 1987ರ ಡಿಸೆಂಬರಿನಲ್ಲಿ ಸಮಿತಿಯು ‘ನೋಏಲಿಯಸ್’ ಎಂಬ ಇನ್ನೊಂದು ವಿಶೇಷಣವನ್ನು ಸೇರಿಸಿದ್ದಿತು. 1988ರ ಮಾರ್ಚಿಯಲ್ಲಿ ರಿಚಿ ಸಮಿತಿಗೆ ಕಾಗದ ಬರೆದು ಅದನ್ನು ತೀಕ್ಷ್ಣವಾಗಿ ಖಂಡಿಸಿದರು. ಸಮಿತಿಯು ಅದನ್ನು ಕೈಬಿಟ್ಟಿತು. ಅದೇ ಕಾಗದದಲ್ಲಿ ಕಾನ್‌ಸ್ಟ್ ಸಹ ತನ್ನ ಭಾರಕ್ಕೆ ತಕ್ಕಷ್ಟು ಪ್ರಯೋಜನವನ್ನು ಕೊಡುತ್ತದೆಂದು ತಮಗೆ ಮನವರಿಕೆಯಾಗಿಲ್ಲವೆಂಬ ಅಭಿಪ್ರಾಯವನ್ನು ಅವರು ವ್ಯಕ್ತಪಡಿಸಿದ್ದಾರೆ. ನೋಏಲಿಯಸ್ ವಿಷಯದಲ್ಲಿ ಅವರ ವಾದವು ನಿರುತ್ತರವಾದುದು. ಕಾನ್‌ಸ್ಟ್ ವಿಷಯದಲ್ಲಿ ಮಾತ್ರ ನಾವು ಅವರೊಡನೆ ಪೂರ್ತಿಯಾಗಿ ಸಹಮತರಾಗಲಾರೆವು. ಅದರ ಭಾರವೇನೋ ನಿಜ. ಆದರೆ ಆ ಭಾರದ ಬಹುಭಾಗವು ಅದು ತಡವಾಗಿ ಬಂದುದರಿಂದ ಹುಟ್ಟಿದುದು. 1973ರಲ್ಲಿ ಬಂದಿದ್ದರೆ ಹಳೆಯ ಪ್ರೋಗ್ರಾಮುಗಳ ದಾಕ್ಷಿಣ್ಯವಿರುತ್ತಿರಲಿಲ್ಲ.

ದಾಕ್ಷಿಣ್ಯದ ಇನ್ನೊಂದು ಗುರುತನ್ನು ಭಂಡಾರದ ‘ಸ್ಟ್ರ್‌ಸಿಎಚ್‌ಆರ್’ ಎಂಬ ಉಪಕ್ರಮದಲ್ಲಿ ಕಾಣಬಹುದು. ಸಾಲಿನಲ್ಲಿ ಒಂದು ಅಕ್ಷರವು ಎಲ್ಲಿದೆಯೆಂದು ಇದು ಹುಡುಕಿ ಕೊಡುತ್ತದೆ. ಕಾನ್‌ಸ್ಟ್ ಪಾಯಿಂಟರನ್ನು ತೆಗೆದುಕೊಂಡು ಸಾಧಾರಣ ಪಾಯಿಂಟರನ್ನು ಹಿಂದಿರುಗಿಸುತ್ತದೆ. ವ್ರತದೊಡನೆ ಒಳಹೊಕ್ಕವನು ವ್ರತವಿಲ್ಲದೆ ಹೊರಬರುತ್ತಾನೆ, ಕಂಪೈಲರು ಒಂದು ಮಾತನ್ನೂ ಆಡುವುದಿಲ್ಲ. 1989ರಿಂದ ಇದ್ದ ಈ ಕಂಡಿಯನ್ನು, 2024ರಲ್ಲಿ ಪ್ರಕಟವಾಗಿ ಸಿ23 ಎಂದು ಕರೆಯಲ್ಪಡುವ ಪ್ರಮಾಣವು ಮುಚ್ಚಿತು. ಅದರಂತೆ ಕಾನ್‌ಸ್ಟ್ ಕೊಟ್ಟವನಿಗೆ ಕಾನ್‌ಸ್ಟೇ ಹಿಂದೆ ಬರುತ್ತದೆ. ಮೂವತ್ತೈದು ವರ್ಷಗಳು ಬೇಕಾದುವು.

ಇನ್ನು ಎಚ್ಚರಿಕೆಗಳ ಅಧಿಕಾರದ ವಿಚಾರ. ಎಚ್ಚರಿಕೆಯೆಂದರೆ ಲಘುವಾದ ದೋಷ, ತಪ್ಪೆಂದರೆ ಗುರುವಾದ ದೋಷ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಪ್ರಮಾಣಗ್ರಂಥದ ವಿಧಿಭಾಗದಲ್ಲಿ ಈ ಭೇದವೇ ಇಲ್ಲ. ನಿಯಮವು ಮುರಿದಾಗ ಕಂಪೈಲರು ಒಂದು ಸೂಚನೆಯನ್ನು ಕೊಡತಕ್ಕದ್ದೆಂದಷ್ಟೇ ಅದು ಹೇಳುತ್ತದೆ. ಸೂಚನೆ ಕೊಟ್ಟ ಮೇಲೆ ಅನುವಾದವನ್ನು ಮುಂದುವರಿಸಲೂಬಹುದು. ಎಲ್ಲಿ ನಿಲ್ಲಬೇಕು, ಎಲ್ಲಿ ಗೊಣಗಿ ಸುಮ್ಮನಾಗಬೇಕೆಂಬುದು ಕಂಪೈಲರು ರಚಿಸಿದವರ ವಿವೇಚನೆ. ಆದುದರಿಂದ ಕಾನ್‌ಸ್ಟ್ ವ್ರತವನ್ನು ಕಳಚುವ ಆರೋಪಣೆಯು ಭಾಷೆಯ ದೃಷ್ಟಿಯಿಂದ ನಿಯಮಭಂಗವೇ ಆಗಿದ್ದರೂ ಜಿ.ಸಿ.ಸಿ.ಯಲ್ಲಿ ಅದು ಎಚ್ಚರಿಕೆಯಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. 2024ರಲ್ಲಿ ಬಂದ ಹದಿನಾಲ್ಕನೆಯ ಆವೃತ್ತಿಯು ಹಲವು ಹಳೆಯ ಎಚ್ಚರಿಕೆಗಳನ್ನು ತಪ್ಪುಗಳ ಪದವಿಗೆ ಏರಿಸಿತು. ಘೋಷಿಸದ ಉಪಕ್ರಮವನ್ನು ಕರೆಯುವುದು, ಹೊಂದದ ಜಾತಿಯ ಪಾಯಿಂಟರುಗಳನ್ನು ಬೆರೆಸುವುದು ಇವೆಲ್ಲ ಅಲ್ಲಿಂದ ಮುಂದೆ ಅನುವಾದವನ್ನೇ ತಡೆಯುತ್ತವೆ. ವ್ರತ ಕಳಚುವುದು ಮಾತ್ರ ಅಂದೂ ಎಚ್ಚರಿಕೆಯಾಗಿಯೇ ಉಳಿಯಿತು.

ಎಚ್ಚರಿಕೆ ಬಂದಾಗ ವಿದ್ಯಾರ್ಥಿಯು ಏನು ಮಾಡುವನು? ಬಹುಮಟ್ಟಿಗೆ ಆವರಣದೊಳಗೆ ಬೇಕಾದ ಜಾತಿಯ ಹೆಸರನ್ನು ಬರೆದು ಬಲಾತ್ಕಾರವಾಗಿ ಪರಿವರ್ತಿಸುವನು. ಕಂಪೈಲರು ಬಾಯಿ ಮುಚ್ಚುತ್ತದೆ. ಮೇಲಿನ ಉದಾಹರಣೆಯಲ್ಲಿ ಮೂರು ಹೆಸರುಗಳ ಸಾಲನ್ನು ಕಾನ್‌ಸ್ಟ್ ಪಾಯಿಂಟರಿನಲ್ಲಿ ಹಿಡಿದಿದ್ದರೆ, ಸ್ಟ್ರ್‌ಟಾಕಿಗೆ ಒಪ್ಪಿಸುವ ಪಂಕ್ತಿಯಲ್ಲಿಯೇ ಎಚ್ಚರಿಕೆ ಬರುತ್ತಿದ್ದಿತು. ಅದನ್ನು ಓದಿದವನು ಸಾಲಿನ ಪ್ರತಿಯೊಂದನ್ನು ಬೇರೆ ಸ್ಥಳದಲ್ಲಿ ಮಾಡಿಕೊಂಡು, ಆ ಪ್ರತಿಯನ್ನು ಒಡೆಯುತ್ತಾನೆ. ಬಾಯಿ ಮುಚ್ಚಿಸಿದವನು ಮದ್ದೂರು ಮಳವಳ್ಳಿಗಳನ್ನು ಕಳೆದುಕೊಳ್ಳುತ್ತಾನೆ, ಇಲ್ಲವೆ ಪ್ರೋಗ್ರಾಮನ್ನೇ ಕಳೆದುಕೊಳ್ಳುತ್ತಾನೆ. ಪ್ರತಿಗೆ ಎಷ್ಟು ಸ್ಥಳ ಬೇಕೆಂಬುದನ್ನೂ ಇಲ್ಲಿಯೇ ಹೇಳಬಹುದು. ಯೂನಿಕೋಡಿನ ಯು.ಟಿ.ಎಫ್.-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು. ಮಂಡ್ಯ ಎಂಬಲ್ಲಿ ಅನುಸ್ವಾರ ವಿರಾಮಗಳೂ ಸೇರಿ ಐದು ಸಂಕೇತಗಳು, ಎಂದರೆ 15 ಬೈಟುಗಳು; ಮದ್ದೂರು, ಮಳವಳ್ಳಿ ಒಂದೊಂದಕ್ಕೂ ಏಳರಂತೆ 21. ಎರಡು ಅಲ್ಪವಿರಾಮಗಳೂ ಕೊನೆಯ ಸೊನ್ನೆಯೂ ಸೇರಿ ಒಟ್ಟು 60. ಕಣ್ಣಿಗೆ ಕಾಣುವ ಅಕ್ಷರಗಳನ್ನೆಣಿಸಿ ಸ್ಥಳ ಬಿಟ್ಟವನ ಪ್ರತಿ ಎಲ್ಲೆ ಮೀರಿ ಹರಿಯುವುದು ಖಂಡಿತ.

ಕನ್ನಡ ಬರಹಕ್ಕೆ ಸಂಬಂಧಿಸಿದ ಇನ್ನೊಂದು ಎಚ್ಚರಿಕೆಯೂ ಉಂಟು. ಕನ್ನಡದ ಸಂಕೇತಗಳ ಎಲ್ಲ ಬೈಟುಗಳೂ 127ನ್ನು ಮೀರಿದುವು. ಸಿ ಭಾಷೆಯ ‘ಚಾರ್’ ಎಂಬ ಜಾತಿಯು ಇಂಟೆಲ್ ವಂಶದ ಯಂತ್ರಗಳಲ್ಲಿ ಸಾಮಾನ್ಯವಾಗಿ ಋಣಚಿಹ್ನೆಯನ್ನು ಒಪ್ಪುವುದರಿಂದ, ಕನ್ನಡದ ಮೊದಲ ಬೈಟಾದ 224 ಅಲ್ಲಿ ಋಣ 32 ಆಗಿಬಿಡುತ್ತದೆ. ಅದನ್ನು ಕೋಷ್ಟಕದ ಕ್ರಮಾಂಕವಾಗಿ ಬಳಸಿದರೆ ಕೋಷ್ಟಕದ ಹಿಂದಿನ ಸ್ಮೃತಿಗೆ ಕೈ ಹೋಗುತ್ತದೆ. ಇಂಗ್ಲಿಷ್ ಬರಹದಿಂದ ಪರೀಕ್ಷಿಸಿದವನಿಗೆ ಈ ದೋಷ ಎಂದೂ ಗೋಚರಿಸುವುದಿಲ್ಲ. ಚಾರ್ ಜಾತಿಯ ಕ್ರಮಾಂಕವನ್ನು ಕುರಿತು ಜಿ.ಸಿ.ಸಿ. ಕೊಡುವ ಎಚ್ಚರಿಕೆಯು ಅನ್ಯರಿಗೆ ಗೊಣಗಾಟವಾಗಿ ತೋರಬಹುದು; ಕನ್ನಡದಲ್ಲಿ ಬರೆಯುವವರಿಗೆ ಅದು ಅತ್ಯಾವಶ್ಯಕ.

ಸಿ ಪ್ಲಸ್ ಪ್ಲಸ್ ಭಾಷೆಯು 1998ರ ತನ್ನ ಪ್ರಮಾಣದಲ್ಲಿ ಸ್ಟ್ರಿಂಗ್ ಲಿಟರಲಿಗೆ ಕಾನ್‌ಸ್ಟ್ ಜಾತಿಯನ್ನು ಕೊಟ್ಟು, ಹಳೆಯ ರೂಢಿಗೆ ಕೆಲವು ಕಾಲ ಅವಕಾಶವಿತ್ತು, 2011ರಲ್ಲಿ ಆ ಅವಕಾಶವನ್ನೂ ತೆಗೆದುಹಾಕಿತು. ಸಿ ಭಾಷೆಯಲ್ಲಿ ಸಿ23ರ ವರೆಗೂ ಲಿಟರಲಿನ ಜಾತಿ 1989ರಲ್ಲಿದ್ದುದೇ ಆಗಿದೆ. ಅದನ್ನು ಕಾನ್‌ಸ್ಟ್ ಎಂದೇ ಭಾವಿಸಿ ಪರೀಕ್ಷಿಸುವಂತೆ ಜಿ.ಸಿ.ಸಿ.ಯನ್ನು ಕೇಳಿಕೊಳ್ಳಲು ‘ರೈಟ್-ಸ್ಟ್ರಿಂಗ್ಸ್’ ಎಂಬ ಎಚ್ಚರಿಕೆಯಿದೆ. ಅಧ್ಯಾಪಕರು ಗಮನಿಸಬೇಕಾದ ಅಂಶವೆಂದರೆ, ಹೆಸರಿನಲ್ಲಿ ‘ಎಲ್ಲವೂ’ ಎಂಬ ಅರ್ಥವಿರುವ ‘ವಾಲ್’ ಎಂಬ ಆಯ್ಕೆಯಾಗಲಿ, ಅದಕ್ಕೂ ಮೀರಿದ ‘ಎಕ್ಸ್‌ಟ್ರಾ’ ಆಯ್ಕೆಯಾಗಲಿ ಸಿ ಪ್ರೋಗ್ರಾಮುಗಳಿಗೆ ಈ ಎಚ್ಚರಿಕೆಯನ್ನು ಒಳಗೊಂಡಿಲ್ಲ. ಅದನ್ನು ಹೆಸರು ಹಿಡಿದು ಬೇರೆಯಾಗಿಯೇ ಕೇಳಬೇಕು.